ಎರಡು ಪುಟ್ಟ ಶಬ್ದಗಳ ಸಂಗಡ ಮೂವತ್ನಾಲ್ಕು ವರ್ಷ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಶೇಷ ಉಪನ್ಯಾಸದ ಬರಹರೂಪ)



ಈ ಕಾರ್ಯಕ್ರಮಕ್ಕೆ ಕರೆಯಲು ಫೋನ್ ಮಾಡಿದಾಗ ಹೆಡ್‌ಮಾಸ್ತರರು, ‘ಸರ, ಇಂಗ್ಲಿಷ್ ಕಲಿಕೆಯ ಮಹತ್ವ ಅನ್ನೋ ವಿಷಯದ ಮ್ಯಾಲ ಮಾತಾಡ್ರಿ’ ಎಂದರು. ನಾನು ಒಪ್ಪಲಿಲ್ಲ. ಆ ಮಹತ್ವ ಎಲ್ಲರಿಗೂ ಗೊತ್ತಿದೆ. ಗೊತ್ತಿರುವುದರಿಂದಲೇ ಮಕ್ಕಳಿಗೆ ಆ ಪಿರಿಯಡ್ ಬಂದರೆ ಹೊಟ್ಟೆನೋವು ಬರುತ್ತದೆ. ‘ಎರಡೇ ಎರಡು ಶಬ್ದದ ಬಗ್ಗೆ ಮಾತಾಡ್ತೀನ್ರಿ. ಒಂದು ಸೆಟ್, ಇನ್ನೊಂದು ರನ್’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾಸು ತುಂಬತೈತೇನ್ರಿ ಸರ?’ ಎಂದು ಕೇಳಿದರು. ತುಂಬುತ್ತದೆ. ಮೂವತ್ನಾಲ್ಕು ವರ್ಷ ತುಂಬಿದೆ.

ನಾನು ಇಂಗ್ಲಿಷ್ ಮಾಸ್ತರನಾಗಿ ನಮ್ಮ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿ ಕೆಲಸ ಮಾಡಿದೆ: ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ. ವರ್ಗಾವಣೆಯ ಆದೇಶ ಬಂದಾಗೆಲ್ಲ ಮನೆಯವಳು ಬೇಸರ ಮಾಡಿಕೊಳ್ಳುತ್ತಿದ್ದಳು. ಆದರೆ ನಾಲ್ಕೂ ಕಡೆ ನಾನು ಕಲಿಸಿದ್ದಕ್ಕಿಂತ ಕಲಿತದ್ದು ಹೆಚ್ಚು. ಅದರಲ್ಲಿ ಒಂದು ಪಾಠ ಮಾತ್ರ ಬಹಳ ತುಟ್ಟಿಯಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಯಾವ ತಾಲೂಕು, ಯಾವ ಶಾಲೆ ಎಂದು ಹೇಳುವುದಿಲ್ಲ. ತಪ್ಪು ಶಾಲೆಯದಲ್ಲ, ನನ್ನದು.

1991ನೆಯ ಇಸವಿ. ಒಂಬತ್ತನೆಯ ಇಯತ್ತೆ. ನಾನು ಕೆಲವು ಇಂಗ್ಲಿಷ್ ವಾಕ್ಯ ಕೊಟ್ಟು ಕನ್ನಡ ಮಾಡಿಕೊಂಡು ಬರಲು ಹೇಳಿದ್ದೆ. ಅದರಲ್ಲಿ ಒಂದು ವಾಕ್ಯ, ‘ದ ಸನ್ ಸೆಟ್ ಬಿಹೈಂಡ್ ದ ಹಿಲ್’. ಗುಡ್ಡದ ಹಿಂದೆ ಸೂರ್ಯ ಮುಳುಗಿದ ಎಂದು ಅರ್ಥ. ಹಿಂದಿನ ಬೆಂಚಿನ ಒಬ್ಬ ಹುಡುಗ ಏನು ಬರೆದಿದ್ದ ಗೊತ್ತೇ? ‘ಗುಡ್ಡದ ಹಿಂದೆ ಸೂರ್ಯನ ಪಂಪ್‌ಸೆಟ್ಟು ಇದೆ.’

ನೀವೂ ನಕ್ಕಿರಿ. ನಾನೂ ನಕ್ಕಿದ್ದೆ. ನಕ್ಕು ಸುಮ್ಮನಾಗಿದ್ದರೆ ಚಿಂತೆ ಇರಲಿಲ್ಲ. ಅವನ ವಹಿಯನ್ನು ಎತ್ತಿ ಹಿಡಿದು ಇಡೀ ವರ್ಗಕ್ಕೆ ಓದಿ ಹೇಳಿದೆ. ‘ಏನಪಾ, ಎಷ್ಟು ಎಚ್‌ಪಿ ಐತಿ ನಿಮ್ಮ ಸೂರ್ಯಾನ ಮೋಟಾರು?’ ಎಂದು ಕೇಳಿದೆ. ವರ್ಗ ಹೋ ಎಂದಿತು. ಅಂದಿನಿಂದ ಅವನ ಹೆಸರೇ ಪಂಪ್‌ಸೆಟ್ ಆಯಿತು. ಮೈದಾನದಲ್ಲಿ, ನೀರಿನ ಟಾಕಿಯ ಹತ್ತಿರ, ಎಲ್ಲ ಕಡೆ. ದೀಪಾವಳಿ ರಜೆ ಮುಗಿದ ಮೇಲೆ ಅವನು ಸಾಲಿಗೆ ಬರಲಿಲ್ಲ. ಊರಲ್ಲಿ ವಿಚಾರಿಸಿದೆ. ಮನೆಮಂದಿಯೆಲ್ಲ ದುಡಿಯಲು ಗೋವಾಕ್ಕೆ ಹೋದರು ಎಂದರು. ನಮ್ಮ ಕಡೆ ಅದೇನು ಹೊಸದಲ್ಲ. ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ. ಮುಂದಿನ ಪಾಠ ಮಾಡಿದೆ.

ಈಗ ಶಬ್ದಕ್ಕೆ ಬರೋಣ. ಆ ಹುಡುಗನ ಕಡೆ ಆಮೇಲೆ ಬರುತ್ತೇನೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಎಂಬ ದೊಡ್ಡ ನಿಘಂಟು ಇದೆ. ನಮ್ಮ ಕಪಾಟಿನಲ್ಲಿ ಹಿಡಿಯುವಂಥದ್ದಲ್ಲ. 1989ರಲ್ಲಿ ಅದರ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಆಗ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಶಬ್ದ ಯಾವುದು? ಆಕಾಶ, ದೇವರು, ಪ್ರೀತಿ ಯಾವುದೂ ಅಲ್ಲ. ಮೂರೇ ಅಕ್ಷರದ ಸೆಟ್. ಕ್ರಿಯಾಪದವಾಗಿ ಅದಕ್ಕೆ 430ರಷ್ಟು ಅರ್ಥ, ವಿವರಿಸಲು ಸುಮಾರು 60,000 ಶಬ್ದ. ನಿಮ್ಮ ಒಂದು ಪಠ್ಯಪುಸ್ತಕಕ್ಕಿಂತ ದೊಡ್ಡದು. ಆಮೇಲೆ ಹೊಸ ಆವೃತ್ತಿಯ ಕೆಲಸ ನಡೆಯುವಾಗ ರನ್ ಅದನ್ನು ಹಿಂದೆ ಹಾಕಿತು. 2011ರ ಹೊತ್ತಿಗೆ ಕ್ರಿಯಾಪದವಾಗಿ ರನ್ ಎಂಬುದಕ್ಕೆ 645 ಅರ್ಥಗಳನ್ನು ಲೆಕ್ಕ ಹಾಕಿದ್ದರು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಅದೊಂದೇ ಶಬ್ದದ ಮೇಲೆ ಒಂಬತ್ತು ತಿಂಗಳು ಕುಳಿತರಂತೆ. ನಾವು ಅದನ್ನು ಮಕ್ಕಳಿಗೆ ಒಂದು ನಿಮಿಷದಲ್ಲಿ ಕಲಿಸುತ್ತೇವೆ. ರನ್ ಅಂದರೆ ಓಡು, ಸೆಟ್ ಅಂದರೆ ಜೋಡಿ. ಹತ್ತು ಸಲ ಬರೆದುಕೊಂಡು ಬಾ.

ರನ್ ಯಾಕೆ ಗೆದ್ದಿತು? ಹಿಂದೆ ಓಡುವವು ಕೆಲವೇ ಇದ್ದವು: ಮನುಷ್ಯ, ಕುದುರೆ, ನೀರು. ಯಂತ್ರ ಬಂದವು. ಎಂಜಿನ್ ಓಡಿತು, ರೈಲು ಓಡಿತು, ಕಾರ್ಖಾನೆ ಓಡಿತು, ಈಗ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಓಡುತ್ತದೆ. ಹೊಸ ಯಂತ್ರ ಬಂದಾಗೆಲ್ಲ ಇಂಗ್ಲಿಷ್ ಈ ಹಳೆಯ ಶಬ್ದವನ್ನೇ ಕೆಲಸಕ್ಕೆ ಹಚ್ಚಿತು.

ಆದರೆ ಮಕ್ಕಳೆ, ಇಂಗ್ಲಿಷ್ ಓಡುವ ಕಡೆ ಕನ್ನಡವೂ ಓಡಬೇಕೆಂದಿಲ್ಲ. ಇಂಗ್ಲಿಷಿನಲ್ಲಿ ಗಡಿಯಾರ ಓಡುತ್ತದೆ, ನಮ್ಮಲ್ಲಿ ನಡೆಯುತ್ತದೆ. ಅವರು ಅಂಗಡಿ ಓಡಿಸುತ್ತಾರೆ, ನಾವು ನಡೆಸುತ್ತೇವೆ. ಸರಕಾರ, ಸಾಲಿ, ಸಂಸಾರ ಎಲ್ಲವನ್ನೂ ನಾವು ನಡೆಸುವವರೇ. ಸಿನಿಮಾ ಮತ್ತು ಬಸ್ಸು ಮಾತ್ರ ಎರಡೂ ಭಾಷೆಗಳಲ್ಲಿ ಓಡುತ್ತವೆ. ಅವರ ಮೂಗು ಓಡುತ್ತದೆ, ನಮ್ಮದು ಸೋರುತ್ತದೆ. ಅವರ ಸೀರೆಯ ಬಣ್ಣ ಓಡುತ್ತದೆ, ನಮ್ಮದು ಬಿಡುತ್ತದೆ. ಅವರಿಗೆ ಸೀರೆ ಇಲ್ಲ, ಆ ಮಾತು ಬೇರೆ. ಎಲ್ಲಕ್ಕಿಂತ ಮಜಾ ಚುನಾವಣೆಯದು. ಅಮೆರಿಕದವರು ಚುನಾವಣೆಗೆ ಓಡುತ್ತಾರೆ. ಇಂಗ್ಲೆಂಡಿನವರು ನಿಲ್ಲುತ್ತಾರೆ. ನಾವೂ ನಿಲ್ಲುತ್ತೇವೆ. ಸಿಂದಗಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, ‘ಸರ, ನಮ್ಮವರು ಮೊದಲ ನಿಂದರ್ತಾರ, ಆರಿಸಿ ಬಂದ ಮ್ಯಾಲ ಓಡ್ತಾರ’ ಎಂದ. ಅವನಿಗೆ ಆ ದಿನ ನೂರಕ್ಕೆ ನೂರು ಕೊಟ್ಟೆ.

ಸಿಂದಗಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಎದುರು ಕಟ್ಟಿಗೆ ಅಡ್ಡೆ ಇತ್ತು. ಅಲ್ಲಿಯ ಮುದುಕನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೆ ‘ರನ್ನಿಂಗ್ ಫೂಟಿಗೆ ಇಷ್ಟು’ ಎಂದು ದಿನವೂ ವ್ಯಾಪಾರ ಮಾಡುತ್ತಿದ್ದ. ಅಗಲ ಲೆಕ್ಕಕ್ಕಿಲ್ಲ, ಉದ್ದ ಮಾತ್ರ ಅಳೆಯುವುದು ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದೇ ಮುದುಕನ ಮೊಮ್ಮಗ ನನ್ನ ವರ್ಗದಲ್ಲಿ ‘ರನ್ನಿಂಗ್ ಅಂದ್ರ ಓಡುವುದು’ ಎಂದು ಬರೆದು, ನನ್ನಿಂದ ಸರಿ ಗುರುತು ಹಾಕಿಸಿಕೊಂಡು ಹೋಗುತ್ತಿದ್ದ. ಅಜ್ಜನ ಇಂಗ್ಲಿಷ್ ಅಡ್ಡೆಯಲ್ಲೇ ಉಳಿಯಿತು, ವಹಿಗೆ ಬರಲಿಲ್ಲ. ಬರಲು ನಾನು ಬಿಡಲಿಲ್ಲ ಎಂಬುದು ಹೆಚ್ಚು ಸರಿ.

ಸೆಟ್ ಕೂಡ ಹಾಗೆಯೇ. ಸ್ಲ್ಯಾಬ್ ಹಾಕಿದ ಗವಂಡಿ ‘ಸೆಟ್ ಆಗಾಕ ಬಿಡ್ರಿ, ಮ್ಯಾಲ ಅಡ್ಡಾಡಬ್ಯಾಡ್ರಿ’ ಎನ್ನುತ್ತಾನೆ. ಅಲ್ಲಿ ಸೆಟ್ ಎಂದರೆ ಗಟ್ಟಿಯಾಗುವುದು. ನಾಟಕ ಕಂಪನಿಯವರಿಗೆ ಸೆಟ್ ಎಂದರೆ ಅರಮನೆ, ಅಡವಿ. ಪಾತ್ರೆ ಅಂಗಡಿಯಲ್ಲಿ ಅದು ಆರು ತಾಟು, ಆರು ವಾಟಗ. ಲಗ್ನದ ಮಾತಿನಲ್ಲಿ ‘ಎರಡೂ ಕಡೆ ಸೆಟ್ ಆತು’. ಇಂಡಿಯಲ್ಲಿದ್ದಾಗ ಲಿಂಬಿ ತೋಟದವರ ಸಭೆಗೆ ಬಂದ ಅಧಿಕಾರಿಯೊಬ್ಬರು ‘ಫ್ರೂಟ್ ಸೆಟ್ ಕಡಿಮೆ ಐತಿ’ ಎಂದರು. ಪಕ್ಕದ ರೈತರು ನನ್ನ ಕಡೆ ತಿರುಗಿ, ‘ಕಾಯಿ ಕಚ್ಚಿಲ್ಲ ಅಂತಾರಲ್ರಿ ಮಾಸ್ತರ?’ ಎಂದು ಕೇಳಿದರು. ನಾನು ಇಂಗ್ಲಿಷ್ ಎಂ.ಎ. ಆ ಅರ್ಥ ನನಗೆ ಹೊಳೆದಿರಲಿಲ್ಲ. ಹೂವು ಹೋಗಿ ಅಲ್ಲಿ ಕಾಯಿ ನಿಲ್ಲುವುದಕ್ಕೆ ಇಂಗ್ಲಿಷಿನವರು ಸೆಟ್ ಎಂದರು, ನಾವು ಕಚ್ಚುವುದು ಎಂದೆವು. ಯಾವುದು ಚಂದ ಎಂದು ನೀವೇ ಹೇಳಿರಿ.

ಗಣಿತದ ಸರ್ ಇಲ್ಲೇ ಕುಳಿತಿದ್ದಾರೆ. ಅವರ ಕನ್ನಡ ಪುಸ್ತಕದಲ್ಲಿ ಸೆಟ್ ಎಂದರೆ ಗಣ. ಬಾಗೇವಾಡಿಯಲ್ಲಿ ಒಬ್ಬ ಹುಡುಗಿ, ‘ಸರ, ಶಿವಗಣದಾಗ ಎಷ್ಟು ಎಲಿಮೆಂಟ್ ಅದಾವ್ರಿ?’ ಎಂದು ಗಣಿತದವರನ್ನು ಕೇಳಿ ಬೈಸಿಕೊಂಡಿದ್ದಳು. ಅದೇ ಹುಡುಗಿ ನನಗೆ ಇನ್ನೊಂದು ಮಾತು ಹೇಳಿದಳು. ನಾನು ಹಲಗೆಯ ಮೇಲೆ ಒಂದು ಕಡೆ ಸೆಟ್, ಇನ್ನೊಂದು ಕಡೆ ರನ್ ಬರೆದು ಅರ್ಥಗಳನ್ನು ಪಟ್ಟಿ ಮಾಡುತ್ತಿದ್ದೆ. ಅವಳು ಎದ್ದು ನಿಂತು, ‘ಸರ, ಇದು ಸ್ಥಾವರ, ಅದು ಜಂಗಮರೀ’ ಎಂದಳು. ಬಸವಣ್ಣನವರು ಹುಟ್ಟಿದ ಊರಿನ ಮಗು. ಇಷ್ಟು ವರ್ಷದಲ್ಲಿ ಯಾವ ತರಬೇತಿಯಲ್ಲೂ ಯಾರೂ ನನಗೆ ಇದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ.

ಮಾಸ್ತರ ಎಂದ ಮೇಲೆ ಸುಮ್ಮನಿರುತ್ತಾನೆಯೇ? ‘ಹಂಗಾದ್ರ ಸೆಟ್ ಔಟ್ ಅಂದ್ರ ಹೊರಡೂದು. ಅದು ಜಂಗಮ ಆತಲ್ಲ?’ ಎಂದೆ. ಅವಳು ತಲೆ ಕೆರೆದುಕೊಂಡಳು. ಮರುದಿನ ಬಂದು, ‘ಸರ, ಹೊರಡಬೇಕಾದ್ರ ಮೊದಲ ಮನಸ್ಸು ಒಂದ ಕಡೆ ನಿಂದರಬೇಕಲ್ರಿ’ ಎಂದಳು. ನಿಘಂಟಿನವರು ಒಪ್ಪುತ್ತಾರೋ ಇಲ್ಲವೋ, ನಾನು ಒಪ್ಪಿದೆ.

ಅವಳ ಮಾತಿನ ಹಿಂದೆ ಹೋದಾಗ ನನಗೆ ಈ ಶಬ್ದಗಳ ಬೇರು ಸಿಕ್ಕಿತು. ಇಂಗ್ಲಿಷಿನಲ್ಲಿ ಸಿಟ್ ಎಂದರೆ ಕೂಡು. ಸೆಟ್ ಎಂದರೆ ಮೂಲದಲ್ಲಿ ಕೂಡುವಂತೆ ಮಾಡು. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಕುಂಡ್ರು, ಕುಂಡ್ರಿಸು. ಅಷ್ಟೇ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಗಣಪ್ಪನನ್ನು ಕುಂಡ್ರಿಸುತ್ತೇವೆ. ಅಕ್ಕಸಾಲಿಗರು ಉಂಗುರದಲ್ಲಿ ಹರಳು ಕುಂಡ್ರಿಸುತ್ತಾರೆ. ಬಡಿಗ ಬಾಗಿಲ ಚೌಕಟ್ಟು ಕುಂಡ್ರಿಸುತ್ತಾನೆ. ಕೈ ಮುರಿದರೆ ನಾಟಿ ವೈದ್ಯ ಎಲುಬು ಕುಂಡ್ರಿಸುತ್ತಾನೆ. ಹರಳು, ಚೌಕಟ್ಟು, ಎಲುಬು ಈ ಮೂರಕ್ಕೂ ಇಂಗ್ಲಿಷಿನವರು ಸೆಟ್ ಎಂದೇ ಅನ್ನುತ್ತಾರೆ. ನಮ್ಮ ಮನೆಯ ಅಂಗಳದಲ್ಲಿಯೇ ಇದ್ದದ್ದನ್ನು ನಾನು ಮಕ್ಕಳಿಂದ ಹತ್ತು ಸಲ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೆ.

ಸೂರ್ಯನ ಕಥೆಯೂ ಇದೇ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ, ಪೀಠಕ್ಕೆ ಹೋಗುವುದು ಎಂಬ ಅರ್ಥದ ಶಬ್ದವಿತ್ತು. ಅವರ ಸೂರ್ಯ ದಿನವೆಲ್ಲ ತಿರುಗಿ ದಣಿದು ಕೂಡುತ್ತಾನೆ. ನಮ್ಮ ಸೂರ್ಯ ಮುಳುಗುತ್ತಾನೆ.

ಹಾಗಾದರೆ ಪಂಪ್‌ಸೆಟ್ಟಿನ ಸೆಟ್? ಅದು ಬೇರೆ. ಗುಂಪು, ಜೋಡಿ ಎಂಬ ಅರ್ಥದ ಸೆಟ್ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಪಂಥ, ಅನುಯಾಯಿಗಳ ಗುಂಪು ಎಂಬ ಅರ್ಥದ ಲ್ಯಾಟಿನ್ ಶಬ್ದವಿದೆ. ಮೋಟಾರು, ಪಂಪು ಎರಡೂ ಸೇರಿದ್ದಕ್ಕೆ ಪಂಪ್‌ಸೆಟ್. ಎರಡು ಬೇರೆ ಬೇರೆ ಊರಿನಿಂದ ಬಂದ ಶಬ್ದಗಳು ಒಂದೇ ಅಂಗಿ ತೊಟ್ಟು ನಿಂತಿವೆ. ನಮ್ಮಲ್ಲಿ ಅರಸು ಎಂದರೆ ರಾಜ, ಅರಸು ಎಂದರೆ ಹುಡುಕು ಎಂದಿಲ್ಲವೇ, ಹಾಗೆ. ಕಾಲ ಕಳೆದಂತೆ ಇಂಗ್ಲಿಷ್ ಮಾತಾಡುವವರೇ ಇವೆರಡನ್ನೂ ಒಂದರೊಳಗೊಂದು ಕಲಸಿಬಿಟ್ಟರು ಎನ್ನುತ್ತಾರೆ ಬಲ್ಲವರು. ಅಂದರೆ ನನ್ನ ಹುಡುಗ 1991ರಲ್ಲಿ ಮಾಡಿದ ತಪ್ಪನ್ನು ಇಂಗ್ಲಿಷಿನವರು ಅವನಿಗಿಂತ ಮೊದಲೇ ಮಾಡಿ ಮುಗಿಸಿದ್ದರು. ಅವರನ್ನು ಯಾರೂ ವರ್ಗದಲ್ಲಿ ಎದ್ದು ನಿಲ್ಲಿಸಲಿಲ್ಲ.

ಇನ್ನು ರನ್ ಬೇರಿಗೆ ಬರೋಣ. ಅದರ ಹಳೆಯ ರೂಪಕ್ಕೆ ಓಡು ಎಂಬುದರ ಜೊತೆ ಹರಿ ಎಂಬ ಅರ್ಥವೂ ಇತ್ತು, ನೀರು ಹರಿಯುವಂತೆ. ಹಳಗನ್ನಡದ ‘ಪರಿ’ ಎಂಬುದಕ್ಕೂ ಓಡು, ಹರಿ ಎರಡೂ ಅರ್ಥ ಇತ್ತು. ಅದೇ ಇವತ್ತಿನ ನಮ್ಮ ಹರಿ. ಮುದ್ದೇಬಿಹಾಳದಲ್ಲಿದ್ದಾಗ ನಾನು ವರ್ಗದಲ್ಲಿ ಒಂದು ಆಟ ಆಡಿಸಿದ್ದೆ. ಹರಿ ಎಂಬ ಶಬ್ದ ಬರುವ ಮಾತು ಹೇಳಬೇಕು, ಹೇಳಲಾಗದವರು ಕೂಡಬೇಕು. ಕೃಷ್ಣಾ ಹೊಳೆ ಹರೀತೈತಿ ಎಂದು ಒಬ್ಬ. ಹಾವು ಹರಿದು ಹೋತು ಎಂದು ಇನ್ನೊಬ್ಬ. ಅಂಗಿ ಹರೀತು. ಬೆಳಕ ಹರೀತು. ಜಗಳ ಬಗೆಹರೀತು. ಆಮೇಲೆ ಯಾವಾಗಲೂ ಮಾತಾಡದ ಒಬ್ಬ ಹುಡುಗ, ‘ಸರ, ಕಾರ ಹುಣ್ಣಿವಿಗೆ ಕರಿ ಹರಿಯೂದು’ ಎಂದ. ಎತ್ತುಗಳನ್ನು ಓಡಿಸಿ ಕರಿ ಹರಿಸುವ ಹಬ್ಬ ನಿಮಗೆಲ್ಲ ಗೊತ್ತು. ಓಡುವುದೂ ಅಲ್ಲಿದೆ, ಹರಿಯುವುದೂ ಅಲ್ಲಿದೆ. ಆ ದಿನ ಆಟ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಒಂದೇ ಶಬ್ದಕ್ಕೆ ಇಷ್ಟು ಅರ್ಥ ಹೇಗೆ ನೆನಪಿಡುತ್ತೀರಿ ಎಂದು ಕೇಳಿದೆ. ‘ನೆನಪು ಯಾಕ ಇಡಬೇಕ್ರಿ, ಮಾತಾಡ್ತೀವಲ್ರಿ’ ಎಂದರು.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಎಲ್ಲವೂ ಹೀಗೆ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ಸೆಟ್ ಅಂದರೆ ಕುಂಡ್ರಿಸು, ರನ್ ಅಂದರೆ ಹರಿ ಎಂದು ಹಲಗೆಯ ಮೇಲೆ ಬರೆದು ಅದನ್ನೂ ಹತ್ತು ಸಲ ಬರೆಸಿದರೆ, ಹಳೆಯ ರೋಗಕ್ಕೆ ಹೊಸ ಹೆಸರು ಇಟ್ಟಂತಾಗುತ್ತದೆ. ಮನೆಯಲ್ಲಿ ಸಕ್ಕರೆ ತೀರಿದರೆ ಇಂಗ್ಲಿಷಿನಲ್ಲಿ ರನ್ ಔಟ್. ಅಲ್ಲಿ ಹರಿಯೂ ಇಲ್ಲ, ಓಡೂ ಇಲ್ಲ. ಕ್ರಿಕೆಟ್ ನೋಡುವ ಹುಡುಗರಿಗೆ ಅದೇ ರನ್ ಔಟ್ ಬೇರೆಯೇ ಸಂಕಟ. ಇಂಥವನ್ನು ವಾಕ್ಯದಲ್ಲಿಯೇ ನೋಡಿ ಕಲಿಯಬೇಕು, ಬೇರೆ ದಾರಿ ಇಲ್ಲ. ಪಕ್ಕದ ಶಬ್ದ ಯಾವುದು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಿದರೆ ಅರ್ಧ ಕೆಲಸ ಆಗುತ್ತದೆ. ಉಳಿದರ್ಧಕ್ಕೆ ನಿಘಂಟು ಇದೆ. ಅದರಲ್ಲಿ ಮೊದಲನೆಯ ಅರ್ಥ ನೋಡಿ ಪುಸ್ತಕ ಮುಚ್ಚಬೇಡಿ, ಕೊನೆಯವರೆಗೆ ಬೆರಳು ಓಡಿಸಿ.

ಈಗ ಆ ಹುಡುಗನ ಕಡೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ, ನಿವೃತ್ತನಾದ ಮೇಲೆ, ಸಿಂದಗಿಯ ಬಸ್ ನಿಲ್ದಾಣದಲ್ಲಿ ಒಬ್ಬರು ಬಂದು ಕಾಲು ಮುಟ್ಟಿದರು. ತಲೆಯಲ್ಲಿ ಬಿಳಿ ಕೂದಲು. ನನಗೆ ಗುರುತು ಹತ್ತಲಿಲ್ಲ. ‘ನಾನ್ರಿ ಸರ, ಪಂಪ್‌ಸೆಟ್’ ಎಂದರು. ನನ್ನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

ಗೋವಾದಿಂದ ಬಂದು ಮೋಟಾರು ರಿವೈಂಡಿಂಗ್ ಕಲಿತಿದ್ದರು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಪಂಪು ಕುಂಡ್ರಿಸುವುದು, ಸುಟ್ಟ ಮೋಟಾರು ಸರಿ ಮಾಡುವುದು ಅವರ ಉದ್ಯೋಗ. ಚಾ ಕುಡಿಯುತ್ತ ಕುಳಿತೆವು. ಅವತ್ತಿನ ಮಾತು ನಾನೇ ತೆಗೆದೆ. ‘ನನ್ನಿಂದ ತಪ್ಪಾತಪಾ’ ಎಂದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

‘ಆ ವರ್ಷ ನಮ್ಮಪ್ಪ ಬಾವಿಗೆ ಹೊಸಾ ಸೆಟ್ಟು ಕುಂಡ್ರಿಸಿದ್ರಿ ಸರ. ಸಾಲಾ ಮಾಡಿ. ಮನ್ಯಾಗ ಎದ್ದರ, ಕುಂತರ ಸೆಟ್ಟಿನ ಮಾತು. ನನಗ ಬ್ಯಾರೆ ಸೆಟ್ ಗೊತ್ತಿರಲಿಲ್ಲ. ಬಾವ್ಯಾಗ ನೀರು ಹೋತು. ಸೆಟ್ಟು ಮಾರಿ ಗೋವಾಕ್ಕ ಹ್ವಾದಿವಿ. ನಿಮ್ಮಿಂದ ಸಾಲಿ ಬಿಟ್ಟೆ ಅಂತ ಅನ್ನಂಗಿಲ್ಲ. ಆದ್ರ ಒಂದ ಮಾತು ನೀವು ಕೇಳಬೇಕಾಗಿತ್ರಿ ಸರ. ಯಾಕ ಹಿಂಗ ಬರದೀಪಾ, ಅಂತ.’

ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು?

ಬಸ್ಸು ಬರಲು ಹೊತ್ತಿತ್ತು. ಅವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಯಾರದೋ ಹೊಲ, ಹಿಂದೆ ಸಣ್ಣ ದಿನ್ನೆ, ಮುಂದೆ ಸಾಲಾಗಿ ಸೋಲಾರ್ ಫಲಕ, ಕೊಳವೆಯಿಂದ ನೀರು ಬೀಳುತ್ತಿದೆ. 2019ರಲ್ಲಿ ಕೇಂದ್ರ ಸರಕಾರ ಕುಸುಮ್ ಎಂಬ ಯೋಜನೆ ತಂದ ಮೇಲೆ ಇಂಥವು ಹಳ್ಳಿಗಳಲ್ಲಿ ಕಾಣತೊಡಗಿವೆ. ಆ ಕೆಲಸವನ್ನೂ ಅವರು ಕಲಿತಿದ್ದರು. ‘ನೋಡ್ರಿ ಸರ, ಗುಡ್ಡದ ಹಿಂದ ಅಲ್ಲ, ಮುಂದ ಐತಿ’ ಎಂದರು. ಆಗ ಮಾತ್ರ ಸ್ವಲ್ಪ ನಕ್ಕರು.

ಹೊರಡುವಾಗ ಇನ್ನೊಂದು ಮಾತು ಕೇಳಿದರು. ಅವರ ಮಗಳು ಎಂಟನೆಯ ಇಯತ್ತೆಯಲ್ಲಿದ್ದಳು. ಪುಸ್ತಕದಲ್ಲಿ ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’ ಎಂದು ಬಂದಿದೆಯಂತೆ. ಮನೆಯಲ್ಲಿ ಓಡಾಡುತ್ತದೆ ಎಂದು ಬರೆದಿದ್ದಾಳೆ, ಸರಿಯೋ ತಪ್ಪೋ ಎಂದು ಕೇಳಿದರು. ಫೋನ್ ಹಚ್ಚಿ ಮಗಳನ್ನು ಮಾತಾಡಿಸಿದರು. ನಾನು ಉತ್ತರ ಹೇಳಲಿಲ್ಲ. ‘ಯಾಕ ಹಂಗ ಬರದೀವಾ?’ ಎಂದು ಕೇಳಿದೆ. ‘ರನ್ ಅಂದ್ರ ಓಡು, ಫ್ಯಾಮಿಲಿ ಅಂದ್ರ ಮನಿಮಂದಿ, ಅದಕ್ಕರಿ’ ಎಂದಳು. ‘ಓಡು ಬಿಟ್ಟು ಹರಿ ಅಂತ ಹಾಕಿ ನೋಡು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಮನೆತನದಾಗ ಹರಕೊಂಡು ಬಂದೈತಿ... ಹೌದಲ್ರೀ ಅಜ್ಜಾ?’ ಎಂದಳು.

ಬಸ್ಸು ಬಂತು. ಸೀಟು ಹಿಡಿಯಲು ನಾನೂ ಓಡಿದೆ.

ಮುಖ್ಯೋಪಾಧ್ಯಾಯರೆ, ಗ್ರಂಥಾಲಯಕ್ಕೆಂದು ಒಂದು ಇಂಗ್ಲಿಷ್–ಕನ್ನಡ ನಿಘಂಟು ತಂದಿದ್ದೇನೆ. ಸೆಟ್ ಮತ್ತು ರನ್ ಇರುವ ಪುಟಗಳಲ್ಲಿ ಬಿಳಿ ಹಾಳೆ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಈ ಶಬ್ದ ಕೇಳಿದರೆ ಯಾರು ಹೇಳಿದರು, ಯಾವ ಅರ್ಥದಲ್ಲಿ ಹೇಳಿದರು ಎಂದು ಆ ಹಾಳೆಯ ಮೇಲೆ ಬರೆದಿಡಿ. ಕಪಾಟಿಗೆ ಕೀಲಿ ಮಾತ್ರ ಹಾಕಬೇಡ್ರಿ ಸರ.